ನಾನು ಆರಿಸಿದ ಕಾರ್ಡ್

೧೪ ಜುಲೈ, ಸೋಮವಾರ

ಇವರು ಊಟ ಮಾಡದೆ ಮಲಗಿದ್ದಾರೆ.

ತೀರಿಕೊಂಡ ಮೊದಲ ಹೆಂಡತಿ ಗುಲ್ನಾಜಳ ವಿಡಿಯೊಗಳೆಲ್ಲ ಮನೆಯ ಸರ್ವರ್ ಕಂಪ್ಯೂಟರಿನ ಡಿಸ್ಕ್‌ಗಳಲ್ಲಿದ್ದವು. ಮೂರು ವರ್ಷದಿಂದ ದಿನಾ ಸಂಜೆ ಟಿವಿಯಲ್ಲಿ ಅವಳೇ. ಚಹಾ ತಂದುಕೊಡುವವಳು ನಾನು.

ಡಿಸ್ಕ್‌ಗಳನ್ನು ನಡೆಸುವ ಕಂಟ್ರೋಲರ್ ಕಾರ್ಡ್ ಕೆಟ್ಟಿತು. ಕಂಪ್ಯೂಟರ್ ಕಲಿತವಳೆಂದು ನನ್ನನ್ನೇ ಕೌಲ್ ಬಜಾರ್‌ನ ಅಂಗಡಿಗೆ ಕರೆದೊಯ್ದರು. ಹಳೆಯ ಡಿಸ್ಕ್‌ಗಳನ್ನು ಇದ್ದಂತೆಯೇ ಓದುವ ಕಾರ್ಡ್ ಒಂದಿತ್ತು. ಎಲ್ಲ ಅಳಿಸಿ ಹೊಸದಾಗಿ ಶುರುಮಾಡುವುದು ಇನ್ನೊಂದು. ತಿಳಿದೇ ಎರಡನೆಯದನ್ನು ಆರಿಸಿದೆ.

ಮನೆಗೆ ತಂದು ಕಾರ್ಡ್ ಹಾಕಿದಾಗ, ಎಲ್ಲ ಅಳಿಸಿಹೋಗುತ್ತದೆ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಬಂತು.

"ಏನ್ ಕೇಳಾಕತ್ತೈತಿ ಇದು?" ಅಂದರು.

"ಏನಿಲ್ಲ, ಯೆಸ್ ಒತ್ರಿ."

ಒತ್ತಿದರು. ಆಮೇಲೆ ಹುಡುಕಿದರೆ ಗುಲ್ನಾಜಳ ಒಂದು ವಿಡಿಯೊವೂ ಉಳಿದಿರಲಿಲ್ಲ.

"ನನ್ನ ಕೈಯಾರ ಅಳಿಸಿಬಿಟ್ನಲ್ಲ!" ಎಂದು ನನ್ನ ಕೈ ಹಿಡಿದು ಅತ್ತರು. ಅಯ್ಯೋ ಅನಿಸಲಿಲ್ಲ ನನಗೆ. ಮದುವೆಯಾದ ಮೇಲೆ ಇವರಾಗಿಯೇ ನನ್ನ ಕೈ ಹಿಡಿದದ್ದು ಇವತ್ತೇ ಮೊದಲು.