ಕಳ್ಳರು ಹೋದ ಮೇಲೆ ಉಳಿದವಳು

ಮೂರನೆಯ ಬಾಗಲಕೋಟೆ
೩೦ ಫೆಬ್ರುವರಿ ೨೨೭೧

ಕಳ್ಳರ ಕಥೆಗಳನ್ನು ಚಿತ್ರಿಸುವವರಿಗೂ ನೋಡುವವರಿಗೂ,

ಮೇಲಿನ ದಿನಾಂಕ ಕೈತಪ್ಪಲ್ಲ. ತಿಂಗಳುಗಳನ್ನೆಲ್ಲ ಸಮಮಾಡಿದ ಮೇಲೆ ನಮ್ಮ ಫೆಬ್ರುವರಿಗೂ ಮೂವತ್ತು ದಿನ ದಕ್ಕಿದೆ. ನಿಮ್ಮ ಕಾಲದ ಕನ್ನಡವನ್ನು ನಾನು ನಿಮ್ಮ ಸಿನಿಮಾ, ಧಾರಾವಾಹಿಗಳಿಂದಲೇ ಕಲಿತವಳು. ಎಲ್ಲಾದರೂ ನನ್ನ ಮಾತು ದರೋಡೆಯ ಯೋಜನೆ ವಿವರಿಸುವ ಮುಖಂಡನ ಮಾತಿನಂತೆ ಕೇಳಿಸಿದರೆ ಮನ್ನಿಸಬೇಕು.

ನನ್ನ ಹೆಸರು ರುದ್ರಾಂಬಿಕೆ. ಇಲ್ಲಿಯ ವಿದ್ಯಾಲಯದಲ್ಲಿ ಚಿತ್ರಶೋಧ ಓದುತ್ತಿದ್ದೇನೆ. ಊರು ಮುಳುಗಿದಾಗ ಉಳಿದುಬಂದ ಚಿತ್ರಗಳನ್ನು ಸರಿಪಡಿಸಿ, ಅವುಗಳ ಅರ್ಥ ಹೇಳುವ ವಿದ್ಯೆ ಅದು. ತರಗತಿಗೆ ನಾನೇ ಮೊದಲಿಗಳು. ವಿನಯಕ್ಕಾಗಿ ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ನಿಮ್ಮ ಕಳ್ಳರನ್ನು ನನ್ನಷ್ಟು ಬಲ್ಲವರು ಈ ಊರಿನಲ್ಲಿ ಬೇರೆ ಇಲ್ಲ. ಮೇಜಿನ ಮೇಲೆ ನಕ್ಷೆ ಹರಡಿ ನಮಗೆ ಮೊದಲೇ ವಿವರಿಸಿದ ಯೋಜನೆ ಕೆಡುತ್ತದೆ, ನಮ್ಮಿಂದ ಬಚ್ಚಿಟ್ಟ ಯೋಜನೆ ಗೆಲ್ಲುತ್ತದೆ. ದೋಚಿಸಿಕೊಳ್ಳುವ ಧಣಿಯನ್ನು ಕಳ್ಳನಿಗಿಂತ ಕೆಟ್ಟವನಾಗಿ ತೋರಿಸುವುದರಿಂದ ನಮ್ಮ ಮನಸ್ಸು ಚುಚ್ಚುವುದಿಲ್ಲ. ಆದರೆ ಬಾಗಿಲಲ್ಲಿ ಒಬ್ಬ ಕಾವಲುಗಾರ ಇರುತ್ತಾನೆ. ಅವನು ಕೆಟ್ಟವನಲ್ಲ, ಅವನಿಗೆ ಹೆಸರೂ ಇಲ್ಲ. ಯಾರೋ ನಗುತ್ತ ಕೊಟ್ಟ ಕಾಫಿ ಕುಡಿದು ಕುರ್ಚಿಯಲ್ಲೇ ಒರಗುತ್ತಾನೆ. ನೋಡುವವರು ನಗುತ್ತಾರೆ. ನಾನೂ ನಗುತ್ತಿದ್ದೆ.

ನನ್ನ ಅವ್ವ ಪಾರ್ವತೆವ್ವ ಕಾವಲುಗಾರ್ತಿ. ಊರಿನ ಬೇಸಿಗೆಜ್ವರದ ಮದ್ದನ್ನು ಇಡುವ ತಂಪುಮನೆಯ ಬಾಗಿಲು ಅವಳದು. ಅಲ್ಲಿ ನಡೆದುದನ್ನು ತಿಳಿಯಬೇಕಾದರೆ ನಮ್ಮ ಒಂದು ಪದ್ಧತಿಯನ್ನು ನೀವು ತಿಳಿದಿರಬೇಕು. ನೀವು ದಾರಿಯಲ್ಲಿ ಎದುರಾದವರನ್ನೆಲ್ಲ "ಊಟ ಆಯ್ತಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮುಂದೆ ಹೋಗುತ್ತೀರಿ. ಹಸಿವಿನ ವರ್ಷಗಳನ್ನು ದಾಟಿ ಬಂದ ನಮ್ಮಲ್ಲಿ ಅದು ಸುಮ್ಮನೆ ಆಡುವ ಮಾತಲ್ಲ. ಕೈಯಲ್ಲಿ ಅನ್ನವಿದ್ದವನು, ಅದರಲ್ಲಿ ಪಾಲು ಕೊಡುವುದಾದರೆ ಮಾತ್ರ ಕೇಳುತ್ತಾನೆ. ಉಣ್ಣದವರು ಎದ್ದು ಬಂದು ಅವನ ಜೊತೆ ಕೂರಲೇಬೇಕು. ಇದಕ್ಕೆ ಪಾಲುಮಾತು ಎನ್ನುತ್ತೇವೆ. ಈ ಮಾತನ್ನು ಸುಳ್ಳಿಗೆ ಬಳಸಿದವರನ್ನು ನಮ್ಮ ಅಜ್ಜಿಯರೂ ಕಂಡಿರಲಿಲ್ಲ.

ದೋಣಿಕಟ್ಟೆಯ ಮಲ್ಹಾರಿ ಎಂಬ ತರುಣ ವಿದ್ಯಾಲಯದ ಚಿತ್ರಪ್ರದರ್ಶನಗಳನ್ನು ಒಂದೂ ತಪ್ಪಿಸುತ್ತಿರಲಿಲ್ಲ. ಕಳೆದ ತಿಂಗಳು ಒಂದು ಮಧ್ಯಾಹ್ನ ಅವನು ರೊಟ್ಟಿಯ ಗಂಟು ಹಿಡಿದು ತಂಪುಮನೆಯ ಮುಂದೆ ನಿಂತು, "ಊಟ ಆತೇನ್ ಚಿಗವ್ವಾ?" ಎಂದ. ಅವ್ವ ಉಂಡಿರಲಿಲ್ಲ. ಬಾಗಿಲು ತೆರೆದು ಹೊರಬಂದಳು. ಕಟ್ಟೆಯ ಮೇಲೆ ಅವನೆದುರು ಕೂತು ಉಣ್ಣುವಷ್ಟರಲ್ಲಿ ಅವನ ಗೆಳೆಯರು ಅವಳ ಬೆನ್ನ ಹಿಂದೆ ತೆರೆದ ಬಾಗಿಲಿನಿಂದಲೇ ಒಳನುಗ್ಗಿ ಮದ್ದಿನ ಪೆಟ್ಟಿಗೆಗಳನ್ನು ದೋಣಿಗೆ ಸಾಗಿಸಿದ್ದರು.

ಮರುದಿನವೇ ಅವರು ನದಿಯ ತಿರುವಿನಲ್ಲಿ ಸಿಕ್ಕಿಬಿದ್ದರು, ಪೆಟ್ಟಿಗೆಗಳೂ ಸಿಕ್ಕವು. ಯಾರಿಗೂ ಏನೂ ಆಗದ ಕಾರಣ ಊರಿಗೆ ಇದೊಂದು ಸೊಗಸಾದ ಕಥೆಯಾಯಿತು. ಮಕ್ಕಳು ಆಟದಲ್ಲಿ ಮಲ್ಹಾರಿಯಾಗಲು ಜಗಳವಾಡುತ್ತಾರೆ. ಅವ್ವನಾಗುವುದು ಸೋತವರ ಪಾಲು. ಅವಳನ್ನು ಕಾವಲಿನಲ್ಲಿ ಉಳಿಸಬೇಕೋ ಬೇಡವೋ ಎಂದು ನಿರ್ಣಯಿಸಲು ಊರಸಭೆ ಸೇರಿತು. ಚಿತ್ರಗಳನ್ನು ಬಲ್ಲವಳೆಂದು ನನ್ನನ್ನೂ ಕರೆದರು. ಇಂಥ ಮೋಸ ಎಷ್ಟು ನುರಿತ ವಿದ್ಯೆಯೆಂದು ತಿಳಿದರೆ ಅವಳನ್ನು ದೂರಲಾರರು ಎಂದು ಲೆಕ್ಕಹಾಕಿ, ಕಾಫಿಯ ಆ ದೃಶ್ಯವನ್ನೇ ನಾನು ಪರದೆಯ ಮೇಲೆ ತೋರಿಸಿದೆ. ಕಾವಲುಗಾರ ಒರಗಿದ. ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ಅವ್ವ ಅತ್ತಿತ್ತ ನೋಡಿ, ಎಲ್ಲರಿಗಿಂತ ತುಸು ತಡವಾಗಿ ತಾನೂ ನಕ್ಕಳು.

ಸಭೆಯ ಹಿರಿಯ ಬಾಳಪ್ಪನವರು ಕಣ್ಣೊರೆಸಿಕೊಳ್ಳುತ್ತ, "ಅಂವಾ ರೊಟ್ಟಿ ಕೊಟ್ಟ, ನೀ ಬಾಗಲಾ ಕೊಟ್ಟಿ. ಚೊಲೋ ವ್ಯಾಪಾರ ಬಿಡವಾ," ಎಂದರು. ಅವರು ಕೆಟ್ಟವರಲ್ಲ. ಇನ್ನು ಮುಂದೆ ಯಾರೇ ಪಾಲುಮಾತು ಕೇಳಿದರೂ ಬಾಗಿಲು ತೆರೆಯುವುದಿಲ್ಲವೆಂದು ಒಂದು ಮಾತು ಹೇಳಿದರೆ ಕೆಲಸ ಉಳಿಯುತ್ತದೆ ಎಂದು ದಾರಿಯನ್ನೂ ತೋರಿಸಿದರು.

ಅವ್ವ ಎದ್ದು ನಿಂತಳು. "ಊಟ ಆತೇನು ಅಂದವರ ಮುಂದ ಬಾಗಲಾ ಹಾಕ್ಕೊಂಡು ಕುಂದ್ರೂದು ನನಗ ಬರೂದಿಲ್ರೀ," ಎಂದಷ್ಟೇ ಹೇಳಿದಳು.

ಕೆಲಸ ಹೋಯಿತು. ಕಾವಲಿನವರನ್ನು ಯಾರೂ ಪಾಲುಮಾತು ಕೇಳಬಾರದೆಂಬ ನಿಯಮವೂ ಬಂದಿದೆ. ಆದರೆ ಕೇಳುವುದು ಎಲ್ಲೆಡೆ ನಿಂತಿದೆ. ಪಕ್ಕದ ಮನೆಯವರು ಬುತ್ತಿ ಬಿಚ್ಚುವಾಗ ಮುಖ ತಿರುಗಿಸಿ ಕೂರುತ್ತಾರೆ. ಕೇಳಿದರೆ ಇವನಿಗೇನು ಬೇಕಾಗಿದೆಯೋ ಎಂಬ ಅನುಮಾನ, ಕೇಳದಿದ್ದರೆ ಅಪಮಾನ. ಪೆಟ್ಟಿಗೆಗಳು ಹಿಂದಿರುಗಿದವು, ಪಾಲುಮಾತು ಹಿಂದಿರುಗಿಲ್ಲ.

ನೀವು ಕಳ್ಳರ ಕಥೆಗಳನ್ನು ಬಿಡಬೇಕೆಂದು ನಾನು ಬೇಡುತ್ತಿಲ್ಲ. ಅವು ಚೆನ್ನಾಗಿವೆ, ನಾನು ಇನ್ನೂ ನೋಡುತ್ತೇನೆ. ಬೇಡುವುದು ಇಷ್ಟೇ: ಮುಂದಿನ ಚಿತ್ರದಲ್ಲಿ, ಹಣ ತುಂಬಿದ ವ್ಯಾನು ತಿರುವಿನಾಚೆ ಮರೆಯಾದ ಮೇಲೆ, ಕ್ಯಾಮೆರಾ ಅದರ ಹಿಂದೆ ಓಡದಿರಲಿ. ಕುರ್ಚಿಯ ಹತ್ತಿರವೇ ನಿಲ್ಲಲಿ. ಆ ಮನುಷ್ಯ ಎಚ್ಚರಗೊಂಡು ತೆರೆದ ಬಾಗಿಲನ್ನು ನೋಡಲಿ. ಅವನು ಮನೆಗೆ ನಡೆದು ಹೋಗುವುದನ್ನೂ ಚಿತ್ರಿಸಿರಿ. ನೀವು ಇಂದು ಚಿತ್ರಿಸಿದರೆ ಅದು ನಮ್ಮ ಭಂಡಾರದಲ್ಲಿ ಈಗಾಗಲೇ ಇದ್ದೀತು; ಹುಡುಕಿ ತೆಗೆಯುವುದು ನನ್ನ ಪಾಲಿಗಿರಲಿ. ಹೊಸ್ತಿಲು ದಾಟಿ ಒಳಗೆ ಬಂದು ಅವನು ಮಕ್ಕಳಿಗೆ ಏನು ಹೇಳಿದನೆಂಬುದು ನನಗೆ ಬೇಕಾಗಿದೆ. ನನ್ನ ಅವ್ವ ಕಳವಾದ ಆ ಸಂಜೆ ಬಂದು ಏನೂ ಹೇಳಲಿಲ್ಲ.

ರುದ್ರಾಂಬಿಕೆ