ಒಂದು ಕೈ ಸಾಕು

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ಮಾಜಿ ಆಟಗಾರನಾಗುವುದು ಸದ್ಯಕ್ಕೆ ತಪ್ಪಿತು.

ನಮ್ಮ ಟಚ್ ರಗ್ಬಿಯಲ್ಲಿ ಚೆಂಡು ಹಿಡಿದು ಓಡುವವನನ್ನು ಕೆಡವಬೇಕಿಲ್ಲ, ಒಂದು ಕೈಯಿಂದ ಮುಟ್ಟಿದರೆ ಸಾಕು. ಇನ್ನು ಮೇಲೆ ಎರಡೂ ಕೈಯಿಂದ ಮುಟ್ಟಬೇಕೆಂಬ ಹೊಸ ನಿಯಮದ ಬಗ್ಗೆ ನಿನ್ನೆ ಸಂಘದ ಕೋಣೆಯಲ್ಲಿ ಚರ್ಚೆ ನಡೆಯಿತು. ಅದನ್ನು ತಂದವರು ನಮ್ಮ ತಂಡದಲ್ಲೇ ಆಡುವ ಹಲ್ಲಿನ ಡಾಕ್ಟರು.

"ಒಂದು ಕೈ ಸೋಕಿದ್ದು ಯಾರಿಗೆ ಕಾಣತ್ತೆ ರೀ? ದಿನಾ ಮುಟ್ದೆ, ಮುಟ್ಲಿಲ್ಲ ಅಂತ ಜಗಳ!"

ಹೌದೆಂದು ಸುಮಾರು ತಲೆಗಳು ಆಡಿದವು. ಅಪಘಾತದ ನಂತರ ನನ್ನ ಎಡಗೈ ಮೇಲೇಳುವುದಿಲ್ಲ ಎಂಬುದನ್ನು ತಂಡದವರು ಮರೆತೇಬಿಟ್ಟಿದ್ದಾರೆ. ಆ ಮರೆವೇ ನನಗೆ ಮರ್ಯಾದೆ. ನಾನಾಗಿ ನೆನಪಿಸಲು ಬಾಯಿ ಬರಲಿಲ್ಲ. ತಲೆ ತಗ್ಗಿಸಿ ನಡಾವಳಿ ಬರೆಯುತ್ತಾ ಕುಳಿತೆ.

ಬಸ್ ಓಡಿಸುವ ನಮ್ಮ ಕ್ಯಾಪ್ಟನ್, "ಮಾತ್ಯಾಕೆ, ಆಡೇ ನೋಡೋಣ ಬನ್ನಿ" ಎಂದು ಮೇಜು ಸರಿಸಿ, ಚೆಂಡು ಹಿಡಿದು ಓಡಿದ. ಎರಡೂ ಕೈ ಚಾಚಿ ಬೆನ್ನಟ್ಟಿದ ಡಾಕ್ಟರು ಆಯ ತಪ್ಪಿ ಕುರ್ಚಿಗಳ ಮೇಲೆ ಬೋರಲು ಬಿದ್ದರು.

"ಹಲ್ಲು ಇದಾವಾ ಡಾಕ್ಟ್ರೇ?"

"ಹಲ್ಲು ಇದಾವಪ್ಪ, ನಿಯಮ ಹೋಯ್ತು!"

ಅಲ್ಲಿಗೆ ಮುಗಿಯಿತು. "ಒಂದು ಕೈ ಸಾಕು, ಇನ್ನೊಂದ್ಯಾಕೆ ಬೇಕು" ಎಂದು ನಡಾವಳಿಯಲ್ಲಿ ಪ್ರಾಸ ಕಟ್ಟಿದೆ. ಅಧ್ಯಕ್ಷರು ಆ ಸಾಲನ್ನು ಹೊಡೆದುಹಾಕಿದರು. ಬೇಜಾರಾಗಲಿಲ್ಲ.

ಈ ನಿಯಮ ಬರುವ ಸುದ್ದಿ ಕೇಳಿ, ಯಾರಿಗಾದರೂ ಕೊಟ್ಟುಬಿಡು ಎಂದು ಹೋದ ವಾರ ನಿನ್ನ ಮನೆಯಲ್ಲಿಟ್ಟ ಬೂಟುಗಳು ಇನ್ನೂ ಇದ್ದರೆ ಕಳಿಸು. ಶನಿವಾರ ಪಂದ್ಯವಿದೆ. ಲೇಸ್ ಮಾತ್ರ ಬಿಚ್ಚಬೇಡ. ಆಸ್ಪತ್ರೆಯಿಂದ ಬಂದ ಮೇಲೆ ನೀನು ಹಾಕಿಕೊಟ್ಟ ಗಂಟೇ ಇನ್ನೂ ಇದೆ. ಕಾಲು ತೂರಿಸಿದರೆ ಆಯಿತು.

ಇನ್ನೂ ಆಟದಲ್ಲಿರುವ,
ನಿನ್ನ ತಮ್ಮ