ಐವತ್ತೆರಡು ಡಿಗ್ರಿ

ಭಾನುವಾರ
ತಮ್ಮನ ಮನೆಯಿಂದ

ಲ್ಯಾಬಿನ ದೊಡ್ಡ ಸಾಹೇಬರಿಗೆ,

‘ರೀ’ ಅಂತ ಬರೆಯೋಣವೆಂದರೆ ಪೆನ್ನೇ ಒಪ್ಪಲಿಲ್ಲ. ಕ್ಷೇಮ ಕೇಳುವುದಿಲ್ಲ. ಚೆನ್ನಾಗಿಯೇ ಇರುತ್ತೀರಿ, ಸುಟ್ಟದ್ದು ನಿಮ್ಮ ಕೈ ಅಲ್ಲವಲ್ಲ.

ಇಲ್ಲಿ ನಿಮ್ಮ ಭಾವಮೈದುನನ ಅಂಗಿಗೆ ಗುಂಡಿ ಹಾಕುವವಳು ನಾನು. ಅವನಿಗೆ ಬೆರಳು ಮಡಚಲು ಬರುವುದಿಲ್ಲ. ನಿನ್ನೆ ಒಂದು ವರ್ಕ್‌ಶಾಪಿಗೆ ಕೆಲಸ ಕೇಳಲು ಹೋದರೆ, ಡ್ರಮ್ಮಿನ ಪಕ್ಕ ಬೀಡಿ ಹಚ್ಚಿದವನು ನೀನೇನಾ ಎಂದು ಕೇಳಿ ಹಿಂದಕ್ಕೆ ಕಳಿಸಿದರಂತೆ. ಬಂದವನೇ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಬೀಡಿಯ ಹೊಗೆ ಬಂದರೆ ಮೂಗು ಮುಚ್ಚಿಕೊಳ್ಳುವವನು ಅವನು, ನಿಮಗೂ ಗೊತ್ತು. ಆದರೂ ಕಾರ್ಖಾನೆಯ ಬೆಂಕಿಯ ವಿಚಾರಣೆಯಲ್ಲಿ ಕೂತು ಆ ಬೀಡಿಯನ್ನು ಅವನ ಬಾಯಿಗಿಟ್ಟವರು ನೀವು. ಥೂ!

ಯಂತ್ರ ತೊಳೆಯುವ ಎಣ್ಣೆ ಬೇಗ ಒಣಗಲಿ ಎಂದು ಸ್ವಲ್ಪ ಅಸಿಟೋನ್ ಬೆರೆಸಿದಿರಿ. ಎಷ್ಟು ಬಿಸಿಗೆ ಅದರ ಆವಿ ಕಿಡಿ ತಾಗಿ ಭಗ್ಗೆನ್ನುತ್ತದೋ, ಲ್ಯಾಬಿನ ಕಪ್ಪಿಗೆ ಹಾಕಿ, ಕಾಯಿಸಿ ಪರೀಕ್ಷೆ ಮಾಡೋಣ ಎಂದು ನಿಮ್ಮ ಕೈಕೆಳಗೇ ಕೆಲಸ ಮಾಡುವ ನಾನು ಗೋಗರೆದೆ. ಲ್ಯಾಬಿನವರೆಲ್ಲರ ಎದುರು ನಕ್ಕು, ಕೂಡಿಸಿ ಭಾಗಿಸಲು ಕಪ್ ಯಾಕಮ್ಮಾ ಎಂದಿರಿ. ಹೊತ್ತಿಕೊಳ್ಳುವ ಬಿಸಿ ಎಣ್ಣೆಯದು ಅರವತ್ತು, ಅಸಿಟೋನಿನದು ಸೊನ್ನೆಗಿಂತ ಕೆಳಗೆ. ಅಳತೆಗೆ ತಕ್ಕ ಸರಾಸರಿ ತೆಗೆದು ಐವತ್ತೆರಡು ಡಿಗ್ರಿ ಎಂದು ಬರೆದಿರಿ. ಓಣಿಯವರೆಲ್ಲ ಸಾಧುಗಳೆಂದು ಇರುವ ಒಬ್ಬ ಕಳ್ಳನಿಗೆ ಯಾರಾದರೂ ಬಾಗಿಲು ತೆರೆದಿಡುತ್ತಾರಾ? ಮೊದಲು ಮೇಲೇಳುವುದು ಅಸಿಟೋನಿನ ಆವಿ, ಮೊದಲು ಹೊತ್ತಿಕೊಳ್ಳುವುದೂ ಅದೇ. ನಿಮ್ಮ ಅಂಕಿ ನಂಬಿ, ಪಕ್ಕದಲ್ಲಿ ವೆಲ್ಡಿಂಗ್ ನಡೆಯುತ್ತಿದ್ದರೂ ನನ್ನ ತಮ್ಮ ಡ್ರಮ್ಮಿನ ಮುಚ್ಚಳ ತೆಗೆದ. ಕಿಡಿ ಹಾರಿ ಕೈ ಸುಟ್ಟುಕೊಂಡ.

ಆಮೇಲೆ ನೀವು ಆಸ್ಪತ್ರೆಗೆ ಓಡಲಿಲ್ಲ. ಲ್ಯಾಬಿನಲ್ಲಿ ತೆಗೆದಿಟ್ಟಿದ್ದ ಆ ಮಾಲಿನ ಮಾದರಿಯನ್ನು ಸಿಂಕಿಗೆ ಸುರಿದು ಬಾಟಲಿ ತೊಳೆದಿರಿ.

ನಿಮ್ಮ ಅಕ್ಕನ ಕೈಲಿ ರಾಜಿಯ ಮಾತು ಕಳಿಸಿದ್ದೀರಿ. ರಾಜಿಯಂತೆ ರಾಜಿ! ಉತ್ತರವಾಗಿ ಈ ಕಾಗದ ಅವರ ಕೈಲೇ ಬರುತ್ತಿದೆ. ತಮ್ಮನ ಹೆಸರಿಗೆ ಹತ್ತಿದ ಮಸಿ ನಿಮ್ಮ ಬಾಯಿಂದಲೇ ಹೋಗಬೇಕು. ಅದೇ ಮಸಿ ನಿಮ್ಮ ಮುಖಕ್ಕೆ ಮೆತ್ತಿಕೊಳ್ಳುವುದನ್ನು ನಾನು ಕಣ್ತುಂಬ ನೋಡಬೇಕು. ನಾಳೆಯ ವಿಚಾರಣೆಗೆ ತಪ್ಪಿಸದೆ ಬನ್ನಿ. ಕಪ್ಪಿನ ಪರೀಕ್ಷೆಯನ್ನು ಎಲ್ಲರೆದುರು ನಿಮ್ಮ ಕೈಯಿಂದಲೇ ಮಾಡಿಸಬೇಕೆಂದು ಕೇಳಿದ್ದೆ, ಅಧಿಕಾರಿ ಒಪ್ಪಿದ್ದಾರೆ.

ಇಷ್ಟು ದಿನ ನಿಮ್ಮವಳಾಗಿದ್ದವಳು

ತಾ.ಕ.: ಮಾದರಿಯೇ ಇಲ್ಲ, ಏನು ಪರೀಕ್ಷೆ ಎಂದು ನಗುತ್ತಿದ್ದೀರಲ್ಲವೇ? ಪ್ರತಿ ಹೊಸ ಮಾಲಿನ ಒಂದು ಬಾಟಲಿಯನ್ನು ಬೈಕಿನ ಚೈನ್ ತೊಳೆಯಲು ಮನೆಗೆ ತರುವ ಚಾಳಿ ನಿಮ್ಮದು. ಸೀಲು ಒಡೆಯದ ಬಾಟಲಿ, ಚೀಟಿಯ ಮೇಲಿನ ನಿಮ್ಮ ಸಹಿ, ನಿಮ್ಮ ಐವತ್ತೆರಡು ಸಮೇತ ಅಧಿಕಾರಿಯ ಕೈ ಸೇರಿಯಾಯಿತು. ಎಲ್ಲಿ ಸಿಕ್ಕಿತೆಂದು ಕೇಳಿದರು. ಅಡುಗೆಮನೆಯಲ್ಲಿ, ನಾನು ದಿನಾ ಹಚ್ಚುತ್ತಿದ್ದ ಒಲೆಯ ಪಕ್ಕದಲ್ಲಿ ಎಂದೆ. ಅಪಾಯವೆಂದು ಗೊತ್ತಿತ್ತಾ ಎಂದು ನಾಳೆ ನಿಮ್ಮನ್ನೇ ಕೇಳುತ್ತಾರೆ. ಇಲ್ಲವೆಂದರೆ, ಅಷ್ಟೂ ತಿಳಿಯದವರೆಂದು ಕುರ್ಚಿ ಹೋಯಿತು. ಹೌದೆಂದರೆ, ಹೆಂಡತಿಯ ಒಲೆಯ ಪಕ್ಕ ಯಾಕಿಟ್ಟಿರಿ ಎಂದು ಹೇಳಬೇಕಾಗುತ್ತದೆ. ಬಾಯಲ್ಲಿರುವುದು ಬಿಸಿ ತುಪ್ಪ. ನುಂಗುತ್ತೀರೋ ಉಗುಳುತ್ತೀರೋ, ನಿಮ್ಮಿಷ್ಟ.